ಬಾಟಲಿಯ ಮೇಲಿನ ಹೆಸರು, ಬೆಟ್ಟದ ಮೇಲಿನ ಬಳ್ಳಿ

(ಮಂಗಳೂರಿನ ಪಂಪ್‌ವೆಲ್‌ನಲ್ಲಿ ಸೇರಿದ್ದ ಘಟ್ಟ ಪ್ರದೇಶದ ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ಸೇರಿರುವ ಈ ಪಂಪ್‌ವೆಲ್ ದಾರಿಗಳು ಕೂಡುವ ಜಾಗ. ಕಾಸರಗೋಡಿನ ಕಡೆಯಿಂದ ಉಡುಪಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಮೇಲ್ಸೇತುವೆಯನ್ನು ಏರುತ್ತದೆ. ಸುಮಾರು ಒಂದು ದಶಕ ಕಾಯಿಸಿ 2020ರ ಜನವರಿಯಲ್ಲಿ ತೆರೆದ ಸೇತುವೆ ಅದು. ಶಿರಾಡಿ, ಚಾರ್ಮಾಡಿ ಘಟ್ಟಗಳನ್ನು ಇಳಿದು ಬರುವ ವಾಹನಗಳೂ ಇಲ್ಲಿಗೇ ಬಂದು ಸೇರುತ್ತವೆ. ಘಟ್ಟದ ಅಡಿಕೆ, ಕಾಳುಮೆಣಸು, ಕಾಫಿ ಇಳಿದು ಬರುವ ದಾರಿ ಇದು; ಪೇಟೆಯ ಸಾಮಾನು ಘಟ್ಟ ಹತ್ತುವ ದಾರಿಯೂ ಇದೇ. ಓದಲೆಂದು ಮಲೆನಾಡಿನಿಂದ ಬಂದ ಮಕ್ಕಳು ಊರಿಗೆ ಹೊರಡುವಾಗ ಚೀಲದಲ್ಲಿ ಒಯ್ಯುವ ವಸ್ತುಗಳಲ್ಲಿ ಈಗ ಸೆಂಟಿನ ಬಾಟಲಿಯೂ ಒಂದು. ತೆಂಗು ಮತ್ತು ವೆನಿಲ್ಲಾ ಪರಿಮಳದ, ಕೆಲವು ನೂರು ರೂಪಾಯಿಗೆ ಸಿಗುವ ಅಂಥ ಬಾಟಲಿಯನ್ನೇ ಇಂದಿನ ಮಾತಿಗೆ ಆರಿಸಿಕೊಂಡಿದ್ದೇನೆ.

ಪರಿಸರದ ಸಭೆಯಲ್ಲಿ ಸೆಂಟಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಆ ಬಾಟಲಿಯ ಮೇಲೆ ಬರೆದಿರುವ ಎರಡು ಹೆಸರುಗಳೂ ನಮ್ಮ ತೋಟದವು. ತೆಂಗು ಘಟ್ಟದ ಕೆಳಗಿನ ಮರ. ವೆನಿಲ್ಲಾ ಇಪ್ಪತ್ತು ವರ್ಷಗಳ ಹಿಂದೆ ಘಟ್ಟದ ಮೇಲೂ ಕೆಳಗೂ ನಮ್ಮ ಜನ ದೊಡ್ಡ ಆಸೆಯಿಂದ ನೆಟ್ಟ ಬಳ್ಳಿ. ಅಗ್ಗದ ಬಾಟಲಿಯೊಳಗೆ ಇವೆರಡರ ಅಂಶವೂ ಸಾಮಾನ್ಯವಾಗಿ ಇರುವುದಿಲ್ಲ. ಪರಿಮಳಕ್ಕಿರುವ ಬೇಡಿಕೆ ಬೇರೆ, ಬೆಳೆಗಿರುವ ಬೇಡಿಕೆ ಬೇರೆ. ಈ ಅಂತರ ತಿಳಿಯದೆ ತೋಟವನ್ನು ಒತ್ತೆಯಿಟ್ಟವರು ನಮ್ಮಲ್ಲಿ ಅನೇಕರಿದ್ದಾರೆ. ಈಗ ಮತ್ತೊಮ್ಮೆ ಪರಿಮಳದ ಗಿಡಗಳು ನಮ್ಮ ಬೇಲಿಯ ಬಳಿ ಬಂದು ನಿಂತಿರುವುದರಿಂದ ಈ ವಿಷಯವನ್ನು ಮಾತನಾಡಲೇಬೇಕಾಗಿದೆ.

ಬಾಟಲಿಯೊಳಗೆ ಏನಿದೆ?

ಇಂಥ ಬಾಟಲಿಯಲ್ಲಿ ಹೆಚ್ಚಿನ ಪಾಲು ಮದ್ಯಸಾರ. ಅದು ಕಬ್ಬಿನ ಕಾಕಂಬಿಯಿಂದಲೋ ಧಾನ್ಯದಿಂದಲೋ ಬರುತ್ತದೆ. ಯಾರೂ ಕುಡಿಯದಂತೆ ಅದಕ್ಕೆ ಬೇರೆ ರಾಸಾಯನಿಕವನ್ನು ಬೆರೆಸಿರುತ್ತಾರೆ. ಉಳಿದದ್ದು ಸ್ವಲ್ಪ ನೀರು, ಸ್ವಲ್ಪ ಪರಿಮಳದ ಮಿಶ್ರಣ.

ತೆಂಗಿನ ಪರಿಮಳಕ್ಕೆ ಸಾಮಾನ್ಯವಾಗಿ ಬಳಸುವ ವಸ್ತು ಗಾಮಾ ನೋನಲ್ಯಾಕ್ಟೋನ್. ವ್ಯಾಪಾರದಲ್ಲಿ ಅದಕ್ಕೆ ‘ಆಲ್ಡಿಹೈಡ್ ಸಿ–18’ ಎಂಬ ಹೆಸರಿದೆ. ರಸಾಯನಶಾಸ್ತ್ರ ಓದುವ ಮಕ್ಕಳು ಗಮನಿಸಬೇಕು: ಅದು ಆಲ್ಡಿಹೈಡ್ ಅಲ್ಲ, ಅದರಲ್ಲಿ 18 ಕಾರ್ಬನ್ ಪರಮಾಣುಗಳೂ ಇಲ್ಲ, ಇರುವುದು ಒಂಬತ್ತೇ. ನಿಜವಾದ ತೆಂಗಿನಕಾಯಿಯ ವಾಸನೆಗೆ ಮುಖ್ಯವಾಗಿ ಕಾರಣವಾದವು ಡೆಲ್ಟಾ ಲ್ಯಾಕ್ಟೋನ್‌ಗಳೆಂಬ ಬೇರೆ ಸಂಯುಕ್ತಗಳು. ಹೀಗೆ, ವಸ್ತುವಿನ ಹೆಸರಿನಿಂದ ಮೊದಲ್ಗೊಂಡು ಅದು ನೆನಪಿಗೆ ತರುವ ಕಾಯಿಯವರೆಗೆ ಯಾವುದೂ ಹೇಳಿದಂತೆ ಇಲ್ಲ. 2025ರಲ್ಲಿ ತೆಂಗಿನೆಣ್ಣೆಯ ದರ ಕಿಲೋಗೆ 400 ರೂಪಾಯಿ ದಾಟಿದಾಗ ನಮ್ಮ ಅಡುಗೆಮನೆಗಳಿಗೆ ಅದರ ಬಿಸಿ ತಟ್ಟಿತು. ತೆಂಗೇ ಇಲ್ಲದ ಬಾಟಲಿಗೆ ಆ ಬಿಸಿ ತಟ್ಟಲು ಕಾರಣವಿರಲಿಲ್ಲ.

ವೆನಿಲ್ಲಾದ ಪರಿಮಳಕ್ಕೆ ಬಳಸುವುದು ವೆನಿಲಿನ್ ಮತ್ತು ಅದಕ್ಕಿಂತ ಹಲವು ಪಟ್ಟು ತೀಕ್ಷ್ಣವಾದ ಈಥೈಲ್ ವೆನಿಲಿನ್. ಇದು ಇಂದು ನಿನ್ನೆಯ ಕಥೆಯಲ್ಲ. 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಎಂಬ ಇಬ್ಬರು ವಿಜ್ಞಾನಿಗಳು ಸೂಚಿಪರ್ಣಿ ಮರಗಳಲ್ಲಿ ಸಿಗುವ ಕೋನಿಫೆರಿನ್‌ನಿಂದ ವೆನಿಲಿನ್ ತಯಾರಿಸಿದರು. ಆಮೇಲೆ ಲವಂಗದ ಎಣ್ಣೆಯಿಂದ, 1930ರ ದಶಕದಲ್ಲಿ ಕಾಗದದ ಕಾರ್ಖಾನೆಯ ತ್ಯಾಜ್ಯದಿಂದ ಅದನ್ನು ತೆಗೆದರು. ಇಂದು ಬಹುಪಾಲು ವೆನಿಲಿನ್‌ಗೆ ಮೂಲ ಪೆಟ್ರೋಲಿಯಮ್ಮಿನಿಂದ ಬರುವ ಗ್ವಾಯಕಾಲ್. ಪ್ಯಾರಿಸಿನ ದುಬಾರಿ ಸುಗಂಧಗಳೂ ಇದಕ್ಕೆ ಹೊರತಲ್ಲ. 1889ರ ‘ಜಿಕಿ’ಯಲ್ಲಿ ವೆನಿಲಿನ್ ಇತ್ತು; ಮೊಗಲರ ಉದ್ಯಾನದ ಹೆಸರು ಹೊತ್ತ 1925ರ ‘ಶಾಲಿಮಾರ್’ ಪ್ರಸಿದ್ಧವಾದದ್ದೇ ಈಥೈಲ್ ವೆನಿಲಿನ್‌ನಿಂದ. ಆದ್ದರಿಂದ ಬಡವರ ಬಾಟಲಿ ಮಾತ್ರ ಕೃತಕ, ಶ್ರೀಮಂತರದು ಶುದ್ಧ ಎಂದು ಯಾರೂ ತಿಳಿಯಬಾರದು.

ಬಳ್ಳಿಯ ಶ್ರಮ

ಈಗ ನಿಜವಾದ ವೆನಿಲ್ಲಾದ ಕಡೆಗೆ ಬರೋಣ. ಇದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡಿನ ಆರ್ಕಿಡ್ ಬಳ್ಳಿ. ಅದರ ಹೂ ಅರಳಿ ನಿಲ್ಲುವುದು ಒಂದೇ ದಿನ. ತವರಿನ ಕೀಟಗಳಿಲ್ಲದ ಊರಿನಲ್ಲಿ ಅದನ್ನು ಕೈಯಿಂದಲೇ ಫಲಗೊಳಿಸಬೇಕು. ಈ ಸುಲಭ ವಿಧಾನವನ್ನು 1841ರಲ್ಲಿ ತೋರಿಸಿಕೊಟ್ಟವನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್. ಹನ್ನೆರಡು ವರ್ಷದ ಗುಲಾಮ ಬಾಲಕ. ಒಂದು ಕಡ್ಡಿ ಮತ್ತು ಹೆಬ್ಬೆರಳಿನಿಂದ ಅವನು ಮಾಡಿ ತೋರಿಸಿದ್ದನ್ನೇ ಇಂದಿಗೂ ಜಗತ್ತಿನ ವೆನಿಲ್ಲಾ ತೋಟಗಳಲ್ಲಿ ಮಾಡುತ್ತಾರೆ. ಅವನಿಗೆ ಬಿಡುಗಡೆ ಸಿಕ್ಕಿದ್ದು 1848ರಲ್ಲಿ. 1880ರಲ್ಲಿ ಅವನು ಬಡತನದಲ್ಲೇ ತೀರಿಕೊಂಡ. ಅವನ ವಿದ್ಯೆಯಿಂದ ಶ್ರೀಮಂತರಾದವರು ತೋಟದ ಒಡೆಯರು ಮತ್ತು ವ್ಯಾಪಾರಿಗಳು.

ನಮ್ಮ ಮಲೆನಾಡಿನ, ಕರಾವಳಿಯ ಹೆಣ್ಣುಮಕ್ಕಳೂ ಈ ಕೆಲಸವನ್ನು ಕಲಿತರು. ಹೂ ಬಿಡುವ ಕಾಲದಲ್ಲಿ ಬೆಳಗಾದರೆ ಕಡ್ಡಿ ಹಿಡಿದು ತೋಟಕ್ಕೆ ಹೋಗಿ, ಬಿಸಿಲೇರುವ ಮೊದಲು ಒಂದೊಂದು ಹೂವನ್ನೂ ಮುಟ್ಟಬೇಕು. ಕೋಡು ಬಲಿಯಲು ಎಂಟು–ಒಂಬತ್ತು ತಿಂಗಳು ಬೇಕು. ಕೊಯ್ದ ಹಸಿ ಕೋಡಿಗೆ ಪರಿಮಳವಿಲ್ಲ. ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನವೂ ಸ್ವಲ್ಪ ಹೊತ್ತು ಬಿಸಿಲಿಗೆ ಹರಡಿ, ಮತ್ತೆ ನೆರಳಿನಲ್ಲಿ ಒಣಗಿಸಿ, ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಹದಕ್ಕೆ ಬರಲು ಬಿಟ್ಟರೆ ಕೋಡಿನೊಳಗೆ ಬಂಧಿತವಾಗಿದ್ದ ವೆನಿಲಿನ್ ಬಿಡುಗಡೆಯಾಗುತ್ತದೆ. ಹದಗೊಂಡ ಒಂದು ಕಿಲೋ ಕೋಡಿಗೆ ಐದಾರು ಕಿಲೋ ಹಸಿ ಕೋಡು ಬೇಕು. ಆ ಒಂದು ಕಿಲೋದಲ್ಲಿ ವೆನಿಲಿನ್ ಇರುವುದು ಸುಮಾರು ಶೇ. 2, ಅಂದರೆ 20 ಗ್ರಾಂ. ಅದರ ಜೊತೆಗಿರುವ ನೂರಾರು ಸೂಕ್ಷ್ಮ ಪರಿಮಳದ ಅಂಶಗಳು ಕಾರ್ಖಾನೆಯ ವೆನಿಲಿನ್‌ನಲ್ಲಿಲ್ಲ. ಆದರೆ ಅಗ್ಗದ ಸೆಂಟು ಕೊಳ್ಳುವವರು ಅವನ್ನು ಕೇಳುವುದೂ ಇಲ್ಲ.

ಏರಿದ್ದು, ಇಳಿದದ್ದು

ತೊಂಬತ್ತರ ದಶಕದಲ್ಲಿ ಸಂಬಾರ ಮಂಡಳಿಯ ಪ್ರೋತ್ಸಾಹದಿಂದ ನಮ್ಮಲ್ಲಿ ವೆನಿಲ್ಲಾ ಹರಡತೊಡಗಿತು. ಜಗತ್ತಿನ ವೆನಿಲ್ಲಾದಲ್ಲಿ ಸಿಂಹಪಾಲು ಮಡಗಾಸ್ಕರ್ ದ್ವೀಪದ್ದು. 2000ದ ಏಪ್ರಿಲಿನಲ್ಲಿ ‘ಹುದಾ’ ಚಂಡಮಾರುತ ಅಲ್ಲಿನ ತೋಟಗಳನ್ನು ಹಾಳುಗೆಡವಿತು, 2004ರ ಮಾರ್ಚಿನಲ್ಲಿ ‘ಗಾಫಿಲೊ’ ಬಂತು. ಅಂತರರಾಷ್ಟ್ರೀಯ ಪೇಟೆಯಲ್ಲಿ ಹದಗೊಂಡ ಕೋಡಿನ ದರ ಕಿಲೋಗೆ 500 ಡಾಲರಿನ ಮಟ್ಟಕ್ಕೆ ಏರಿತು. 2003–04ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡಿನ ದರವೇ ಕಿಲೋಗೆ 3,000 ರೂಪಾಯಿ ದಾಟಿತ್ತು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಎಲ್ಲೆಡೆಯೂ ಬಳ್ಳಿಯ ತುಂಡುಗಳು ಮೀಟರ್ ಲೆಕ್ಕದಲ್ಲಿ ಮಾರಾಟವಾದವು. ತೋಟಗಳಿಗೆ ರಾತ್ರಿ ಕಾವಲು, ನಾಯಿ, ಬೇಲಿ ಬಂದವು. ಕಳ್ಳತನದ ಭಯದಿಂದ ಬಲಿಯುವ ಮೊದಲೇ ಕೋಡು ಕೊಯ್ದವರಿದ್ದರು.

ಆಗ ಯಾರೂ ಮಾಡದಿದ್ದ ಒಂದು ಲೆಕ್ಕವನ್ನು ಈಗ ಮಾಡೋಣ. ಕಿಲೋಗೆ 3,000ದಂತೆ ಆರು ಕಿಲೋ ಹಸಿ ಕೋಡಿಗೆ 18,000 ರೂಪಾಯಿ. ಅದರಿಂದ ಸಿಗುವ ವೆನಿಲಿನ್ 20 ಗ್ರಾಂ. ಕಾರ್ಖಾನೆಯ ವೆನಿಲಿನ್‌ಗೆ ಕಿಲೋಗೆ ಸಾವಿರ ರೂಪಾಯಿ ಎಂದು ಹಿಡಿದರೆ 20 ಗ್ರಾಮಿಗೆ 20 ರೂಪಾಯಿ. ಇಷ್ಟು ಅಂತರವಿರುವಾಗ ಐಸ್‌ಕ್ರೀಮಿನವರು, ಪಾನೀಯದವರು ಏನು ಮಾಡಿಯಾರು? ಕೋಡು ಬಳಸುತ್ತಿದ್ದ ದೊಡ್ಡ ಖರೀದಿದಾರರಲ್ಲಿ ಅನೇಕರು ಕೃತಕಕ್ಕೆ ಹೊರಳಿದರು. ಹೊರಳಿದವರು ಸುಲಭವಾಗಿ ಹಿಂದಿರುಗಲಿಲ್ಲ. ಅತ್ತ ಮಡಗಾಸ್ಕರ್ ಚೇತರಿಸಿಕೊಂಡಿತು. ಇಲ್ಲಿಯೂ ಉಗಾಂಡಾ, ಇಂಡೊನೇಷ್ಯಾಗಳಲ್ಲಿಯೂ ಹೊಸ ಬಳ್ಳಿಗಳು ಫಲ ಕೊಡತೊಡಗಿದವು. ನಮ್ಮಲ್ಲಿ ಹಸಿ ಕೋಡಿನ ದರ ಕೆಲವೇ ವರ್ಷಗಳಲ್ಲಿ ನೂರು ರೂಪಾಯಿಯ ಆಸುಪಾಸಿಗೆ ಕುಸಿಯಿತು. ದರದ ಜೊತೆಗೇ ಬಳ್ಳಿ ಕೊಳೆಯುವ ರೋಗವೂ ಬಂತು. ಒಂದೇ ಬಳ್ಳಿಯ ತುಂಡಿನಿಂದ ತುಂಡು ನೆಟ್ಟು ಬೆಳೆಸಿದ ತೋಟಗಳಲ್ಲಿ ರೋಗವನ್ನು ತಡೆದುಕೊಳ್ಳುವ ವೈವಿಧ್ಯ ಇರಲಿಲ್ಲ. ದಕ್ಷಿಣ ಭಾರತದ ಕಾಡುಗಳಲ್ಲಿ ಎಲೆಯೇ ಇಲ್ಲದ ಕಾಡು ವೆನಿಲ್ಲಾ ಬಳ್ಳಿಗಳಿವೆ. ರೋಗನಿರೋಧಕ ಗುಣಕ್ಕಾಗಿ ವಿಜ್ಞಾನಿಗಳು ನೋಡುವುದು ಅಂಥ ಕಾಡುಬಂಧುಗಳ ಕಡೆಗೇ. ಕಾಡು ಉಳಿಯಬೇಕೆಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ.

ಈ ಏರಿಳಿತ ಅಲ್ಲಿಗೇ ಮುಗಿಯಲಿಲ್ಲ. 2017ರಲ್ಲಿ ‘ಎನಾವೊ’ ಚಂಡಮಾರುತದ ನಂತರ ದರ ಮತ್ತೆ 600 ಡಾಲರಿನವರೆಗೆ ಹೋಯಿತು. ಮಡಗಾಸ್ಕರ್ ಸರ್ಕಾರ 2020ರಲ್ಲಿ 250 ಡಾಲರಿನ ಕನಿಷ್ಠ ರಫ್ತು ದರ ಗೊತ್ತುಮಾಡಿ, 2023ರಲ್ಲಿ ಅದನ್ನು ಕೈಬಿಟ್ಟಿತು. ದರ ಪುನಃ ಕುಸಿಯಿತು. ಎಲ್ಲೋ ಬೀಸಿದ ಗಾಳಿಗೆ ಇಲ್ಲಿಯ ತೋಟದ ಭವಿಷ್ಯವನ್ನು ಕಟ್ಟುವುದು ಕೃಷಿಯಲ್ಲ, ಜೂಜು.

ನೈಸರ್ಗಿಕವಾದರೆ ಸಾಕೇ?

ಇಷ್ಟು ಕೇಳಿದ ಮೇಲೆ, ‘ಹಾಗಾದರೆ ಕೃತಕವನ್ನು ಬಿಟ್ಟು ನೈಸರ್ಗಿಕವನ್ನೇ ಬಳಸೋಣ’ ಎಂದು ನಮ್ಮ ಚಳವಳಿಯ ಮಿತ್ರರು ಹೇಳಬಹುದು. ಆ ಮಾತನ್ನು ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಜಗತ್ತು ವರ್ಷಕ್ಕೆ ಬಳಸುವ ವೆನಿಲಿನ್ 15,000 ಟನ್ನಿಗೂ ಹೆಚ್ಚು. ವರ್ಷಕ್ಕೆ ತಯಾರಾಗುವ ಹದಗೊಂಡ ಕೋಡು ಎರಡು–ಮೂರು ಸಾವಿರ ಟನ್. ಅದರಲ್ಲಿರುವ ವೆನಿಲಿನ್ 40ರಿಂದ 60 ಟನ್. ಎಲ್ಲವನ್ನೂ ಬಳ್ಳಿಯಿಂದಲೇ ಪಡೆಯಬೇಕಾದರೆ ಈಗಿರುವ ತೋಟಗಳನ್ನು ಇನ್ನೂರೈವತ್ತು, ಮುನ್ನೂರು ಪಟ್ಟು ಹೆಚ್ಚಿಸಬೇಕು. ಅಷ್ಟು ನೆಲ ಉಷ್ಣವಲಯದ ಕಾಡು ಕಡಿಯದೆ ಎಲ್ಲಿಂದ ಬಂದೀತು? ಪರಿಮಳಕ್ಕಾಗಿ ಕಾಡು ಬರಿದಾದ ಕಥೆ ನಮಗೆ ಹೊಸದಲ್ಲ. ಮೈಸೂರು ಸೀಮೆಯ ಶ್ರೀಗಂಧಕ್ಕೆ ಏನಾಯಿತೆಂದು ನೋಡಿದ್ದೇವೆ. ಊದುಬತ್ತಿಗೆಂದು ಹಾಲ್ಮಡ್ಡಿಯ ಮರಗಳಿಗೆ ಕಚ್ಚು ಹಾಕಿದ್ದನ್ನೂ ಬಲ್ಲೆವು. ಕಾರ್ಖಾನೆಯ ವೆನಿಲಿನ್ ಎಷ್ಟೋ ಕಾಡನ್ನು ಪರೋಕ್ಷವಾಗಿ ಉಳಿಸಿದೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಇನ್ನೂರು ರೂಪಾಯಿಗೆ ಒಂದು ಒಳ್ಳೆಯ ಪರಿಮಳ ಬಯಸುವ ಹುಡುಗಿಯನ್ನು ಹೀಗಳೆಯುವ ಹಕ್ಕೂ ನಮಗಿಲ್ಲ.

ಹಾಗೆಂದು ಅಗ್ಗದ ಬಾಟಲಿಗೆ ಬೇರೆ ಬೆಲೆಯೇ ಇಲ್ಲವೆಂದಲ್ಲ. ಸಿಂಪಡಿಸಿದ ಮದ್ಯಸಾರವೂ ಪರಿಮಳವೂ ಗಾಳಿಗೆ ಸೇರುತ್ತವೆ. ಅಮೆರಿಕದ ನಗರಗಳ ಕುರಿತು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವು ಬಣ್ಣ, ಅಂಟು, ಕೀಟನಾಶಕ, ಶುಚಿಕಾರಕ, ಸೌಂದರ್ಯ ಸಾಧನಗಳಿಂದ ಏಳುವ ಆವಿ ಅಲ್ಲಿನ ಪೆಟ್ರೋಲಿಯಂ ಮೂಲದ ಸಾವಯವ ಆವಿಗಳಲ್ಲಿ ಅರ್ಧದಷ್ಟಿದೆ ಎಂದು ತೋರಿಸಿತು. ಪಂಪ್‌ವೆಲ್‌ನ ವಾಹನಗಳ ಹೊಗೆ ಕಣ್ಣಿಗೆ ಕಾಣುತ್ತದೆ; ಈ ಆವಿ ಕಾಣುವುದಿಲ್ಲ. ಪರಿಮಳ ಬಹುಕಾಲ ನಿಲ್ಲಲೆಂದು ಸೇರಿಸುವ ಕೃತಕ ಕಸ್ತೂರಿಗಳಲ್ಲಿ ಕೆಲವು ಸುಲಭವಾಗಿ ಕರಗಿ ಹೋಗುವಂಥವಲ್ಲ. ಯುರೋಪಿನಲ್ಲಿ ನದಿಯ ನೀರಿನಲ್ಲಿ, ಮೀನಿನಲ್ಲಿ, ತಾಯಿಯ ಹಾಲಿನಲ್ಲಿಯೂ 1990ರ ದಶಕದಲ್ಲಿ ಅವು ಪತ್ತೆಯಾದವು. ಮೈ ತೊಳೆದ ನೀರು ಚರಂಡಿಗೆ, ಚರಂಡಿ ತೋಡಿಗೆ, ತೋಡು ಹೊಳೆಗೆ ಸೇರುತ್ತದೆ. ಮಳೆಗಾಲದಲ್ಲಿ ಇದೇ ಪಂಪ್‌ವೆಲ್‌ನಲ್ಲಿ ಮೊಣಕಾಲೆತ್ತರ ನಿಲ್ಲುವ ನೀರನ್ನು ದಾಟಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಇನ್ನು ಚೀಟಿಯ ವಿಷಯ. ಚರ್ಮಕ್ಕೆ ಅಲರ್ಜಿ ಉಂಟುಮಾಡಬಲ್ಲ ಪರಿಮಳದ ವಸ್ತುಗಳನ್ನು ಹೆಸರಿಸಿ ಮುದ್ರಿಸಬೇಕೆಂಬ ನಿಯಮ ಯುರೋಪಿನಲ್ಲಿದೆ. ಮೊದಲು 26 ಇದ್ದ ಆ ಪಟ್ಟಿ 2023ರಲ್ಲಿ 80ನ್ನು ದಾಟಿತು. ನಮ್ಮ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಕಾಣುವುದು ‘ಪರ್ಫ್ಯೂಮ್’ ಅಥವಾ ‘ಫ್ರಾಗ್ರನ್ಸ್’ ಎಂಬ ಒಂದೇ ಪದ. ಆ ಒಂದು ಪದದ ಹಿಂದೆ ಹತ್ತಾರು ರಾಸಾಯನಿಕಗಳಿರುತ್ತವೆ. ಬಾಟಲಿಯ ಮೇಲೆ ತೆಂಗಿನ ಹೋಳಿನ, ವೆನಿಲ್ಲಾ ಹೂವಿನ ಚಿತ್ರ ಅಚ್ಚು ಹಾಕುವವರು ಒಳಗಿರುವುದನ್ನೂ ಅಚ್ಚು ಹಾಕಲಿ ಎಂದು ಕೇಳುವುದು ಗ್ರಾಹಕರ ನ್ಯಾಯವಾದ ಬೇಡಿಕೆ.

ಮತ್ತೆ ಬಂದಿರುವ ಪರಿಮಳದ ಗಿಡ

ಕೃಷಿಕ ಬಂಧುಗಳೇ, ಅಡಿಕೆಗೆ ಇಂದು ಬಂದಿರುವ ಕಷ್ಟ ನಿಮಗೆ ಗೊತ್ತು. ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ಹಳದಿ ಎಲೆ ರೋಗ ದಶಕಗಳಿಂದ ತೋಟಗಳನ್ನು ತಿನ್ನುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿದೆ. ಇಂಥ ಹೊತ್ತಿನಲ್ಲಿ ಹೊಸ ಬೆಳೆಯ ಮಾತು ಕಿವಿಗೆ ಇಂಪಾಗಿ ಕೇಳುತ್ತದೆ. ಅತ್ತರಿನ ಬೆಳೆಯೆಂದು ಅಗರ್ ಮರ ಮಲೆನಾಡಿಗೆ ಬಂದು ವರ್ಷಗಳಾದವು. ಈಶಾನ್ಯ ಭಾರತದ ಆ ಮರಕ್ಕೆ ಗಾಯವಾಗಿ, ಶಿಲೀಂಧ್ರ ತಗಲಿದಾಗ ಮಾತ್ರ ಪರಿಮಳದ ರಾಳ ಕೂಡುತ್ತದೆ. ಅದರ ಅಂತರರಾಷ್ಟ್ರೀಯ ವ್ಯಾಪಾರ 1995ರಿಂದ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಅಗರ್ ನೆಡಬೇಡಿ ಎಂದು ನಾನು ಹೇಳುತ್ತಿಲ್ಲ. ನೆಡುವ ಮೊದಲು, ವೆನಿಲ್ಲಾದ ಕಾಲದಲ್ಲಿ ಕೇಳದೆ ಬಿಟ್ಟ ನಾಲ್ಕು ಪ್ರಶ್ನೆಗಳನ್ನು ಕೇಳಿ ಎನ್ನುತ್ತೇನೆ.

ಮೊದಲನೆಯದು: ಈ ಬೆಳೆಯ ಬದಲಿಗೆ ಕಾರ್ಖಾನೆಯಲ್ಲಿ ತಯಾರಾಗುವ ವಸ್ತು ಇದೆಯೇ? ಇದ್ದರೆ ದರ ಏರಿದಷ್ಟೂ ಖರೀದಿದಾರ ಅತ್ತ ಸರಿಯುತ್ತಾನೆ. ಅಗ್ಗದ ಬಾಟಲಿಯ ಅಗರ್ ಪರಿಮಳವೂ ಹೆಚ್ಚಾಗಿ ಕೃತಕವೇ. ಎರಡನೆಯದು: ಕೊಳ್ಳುವವರು ಎಷ್ಟು ಜನ? ಗಿಡ ಮಾರುವವನೇ ಫಸಲು ಕೊಳ್ಳುವವನೂ ಆಗಿದ್ದರೆ, ಅವನು ಬಾರದ ವರ್ಷ ಯಾರ ಬಳಿ ಹೋಗುತ್ತೀರಿ? ಮೂರನೆಯದು: ಸಂಸ್ಕರಣೆ ನಮ್ಮ ಕೈಯಲ್ಲಿದೆಯೇ? ಹಸಿ ಕೋಡನ್ನು ಅಂದೇ ಮಾರಲೇಬೇಕಾದವನಿಗೆ ಚೌಕಾಸಿಯ ಬಲವಿಲ್ಲ. ಹದಗೊಳಿಸಿ ಇಟ್ಟುಕೊಳ್ಳಬಲ್ಲವನು ಕಾಯಬಲ್ಲ. ನಾಲ್ಕನೆಯದು: ಇದನ್ನು ನೆಡಲು ಏನನ್ನು ಕಡಿಯುತ್ತಿದ್ದೇವೆ? ಗೊಬ್ಬರದ ಗಿಡಕ್ಕೆ ಹಬ್ಬಿಸಿ ಅಡಿಕೆಯ ನೆರಳಿನಲ್ಲಿ ಬೆಳೆಸಿದ ವೆನಿಲ್ಲಾ ಸೋತಾಗ ಬಳ್ಳಿ ಮಾತ್ರ ಹೋಯಿತು, ತೋಟ ಉಳಿಯಿತು. ಸೊಪ್ಪಿನಬೆಟ್ಟವನ್ನು ಬೋಳಿಸಿ ನೆಟ್ಟ ಬೆಳೆ ಸೋತರೆ ಬೆಟ್ಟ ಹಿಂದಿರುಗುವುದಿಲ್ಲ.

ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡ ಅನುಭವವೂ ನಮ್ಮ ಜಿಲ್ಲೆಯಲ್ಲೇ ಇದೆ. ಅಡಿಕೆಯ ದರ ಕುಸಿದ ಕಾಲದಲ್ಲಿ, 1973ರಲ್ಲಿ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕ್ಯಾಂಪ್ಕೊ ಹುಟ್ಟಿತು. ಮುಂದೆ ಕೊಕ್ಕೊ ಬೆಳೆದವರು ಕೊಳ್ಳುವವರಿಲ್ಲದೆ ಕಂಗಾಲಾದಾಗ ಅದೇ ಸಹಕಾರಿ ಸಂಸ್ಥೆ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಕೊಕ್ಕೊ ಇಂದಿಗೂ ನಮ್ಮ ತೋಟಗಳಲ್ಲಿ ಉಳಿದಿದೆ. ವೆನಿಲ್ಲಾಕ್ಕೆ ಅಂಥ ಗಟ್ಟಿ ಆಸರೆ ಸಕಾಲದಲ್ಲಿ ಸಿಗಲಿಲ್ಲ.

ಇನ್ನೊಂದು ಉದಾಹರಣೆ ಉಡುಪಿಯ ಶಂಕರಪುರದ ಮಲ್ಲಿಗೆ. ಮಲ್ಲಿಗೆಯ ಕೃತಕ ಪರಿಮಳ ಇಂದು ಸಾಬೂನಿನಲ್ಲಿದೆ, ಊದುಬತ್ತಿಯಲ್ಲಿದೆ. ಆದರೂ ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಆ ಹೂ ದಿನವೂ ಮಾರಾಟವಾಗುತ್ತದೆ. ಮದುವೆಯ ಕಾಲದಲ್ಲಿ ಏರುತ್ತದೆ, ಆಟಿಯಲ್ಲಿ ಇಳಿಯುತ್ತದೆ, ಆದರೆ ನಿಲ್ಲುವುದಿಲ್ಲ. ಏಕೆಂದರೆ ಮುಡಿಗೂ ದೇವರಿಗೂ ಬೇಕಾದದ್ದು ಹೂವೇ. ಬಾಟಲಿಯ ವಾಸನೆ ಅಲ್ಲಿ ಸಲ್ಲುವುದಿಲ್ಲ. ಕೊಳ್ಳುವವರು ವಸ್ತುವನ್ನೇ ಬಯಸುವಲ್ಲಿ ಬೆಳೆಗಾರನಿಗೆ ನೆಲೆಯಿದೆ.

ಮನೆಯಲ್ಲೇ ಮಾಡಬಹುದಾದದ್ದು

ತೋಟದ ಮೂಲೆಯಲ್ಲಿ ಇನ್ನೂ ನಾಲ್ಕು ಬಳ್ಳಿ ಉಳಿಸಿಕೊಂಡವರು ಇಲ್ಲಿರಬಹುದು. ಅವರಿಗಾಗಿ ಒಂದು ಮಾತು. ಹದಗೊಂಡ ಒಂದು ಕೋಡನ್ನು ಉದ್ದಕ್ಕೆ ಸೀಳಿ, 100 ಮಿಲಿಲೀಟರ್ ಶುದ್ಧ ತೆಂಗಿನೆಣ್ಣೆಯಲ್ಲಿ ಪೂರ್ತಿ ಮುಳುಗುವಂತೆ ಹಾಕಿ, ಒಣಗಿದ ಗಾಜಿನ ಸೀಸೆಯಲ್ಲಿ ಮುಚ್ಚಿ ನಾಲ್ಕರಿಂದ ಆರು ವಾರ ಇಡಿ. ನೀರಿನ ಪಸೆ ಕೂಡದು. ಘಟ್ಟದ ಮೇಲಿನ ಚಳಿಯಲ್ಲಿ ಎಣ್ಣೆ ಹೆಪ್ಪುಗಟ್ಟುವುದರಿಂದ ಒಲೆಯ ಸಮೀಪದ ಬೆಚ್ಚನೆಯ ಜಾಗ ಒಳ್ಳೆಯದು. ನಿಜವಾದ ತೆಂಗು, ನಿಜವಾದ ವೆನಿಲ್ಲಾ ಸೇರಿದ ಮೈಗೆಣ್ಣೆ ಸಿದ್ಧ. ಮೊದಲು ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ, ಆಮೇಲೆ ಬಳಸಿ. ಇದರ ಪರಿಮಳ ಮೆಲುವಾದದ್ದು. ಬಸ್ಸಿನ ಆಚೆ ತುದಿಗೆ ಮುಟ್ಟುವುದಿಲ್ಲ, ಹತ್ತಿರ ಕುಳಿತವರಿಗೆ ಮಾತ್ರ ತಿಳಿಯುತ್ತದೆ. ಸ್ವಸಹಾಯ ಸಂಘಗಳು ಇದನ್ನು ಮಾರಲು ಹೊರಟರೆ 2020ರ ಸೌಂದರ್ಯ ಸಾಧನಗಳ ನಿಯಮದಂತೆ ತಯಾರಿಕೆಯ ಪರವಾನಗಿ ಬೇಕೆಂಬುದನ್ನು ಮರೆಯಬಾರದು.

ವಿದ್ಯಾರ್ಥಿ ಮಿತ್ರರೇ, ಬಾಟಲಿ ಕೊಳ್ಳುವುದು ಬಿಡುವುದು ನಿಮಗೆ ಸೇರಿದ್ದು. ಕೊಂಡರೆ ಮಿತವಾಗಿ ಬಳಸಿ. ಮುಚ್ಚಿದ ಕಿಟಕಿಯ ಬಸ್ಸಿನಲ್ಲಿ, ತರಗತಿಯಲ್ಲಿ ಸಿಂಪಡಿಸಬೇಡಿ, ಪಕ್ಕದಲ್ಲಿ ಉಬ್ಬಸದವರು ಕುಳಿತಿರಬಹುದು. ಇದಕ್ಕಿಂತ ಮುಖ್ಯವಾದ ಕೆಲಸವೊಂದಿದೆ. ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಮನೆಯವರು ವೆನಿಲ್ಲಾ ನೆಟ್ಟಿದ್ದರೇ, ಎಷ್ಟು ಸಾಲ ಮಾಡಿದರು, ಯಾವ ವರ್ಷ ಕಿತ್ತರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮಲೆನಾಡಿನ ಆ ಹತ್ತು ವರ್ಷಗಳ ಲೆಕ್ಕ ಮನೆಮನೆಯ ನೆನಪಿನಲ್ಲಿ ಮಾತ್ರ ಉಳಿದಿದೆ. ಮುಂದಿನ ಸಲ ಯಾರಾದರೂ ಪರಿಮಳದ ಗಿಡ ಹಿಡಿದು ನಮ್ಮ ಅಂಗಳಕ್ಕೆ ಬಂದಾಗ ಅವರ ಮುಂದಿಡಲು ಆ ಲೆಕ್ಕ ನಮ್ಮ ಕೈಯಲ್ಲಿರಬೇಕು.